ಕಥೆಯಿಲ್ಲದ ಗಾಡಿ

ಅಪ್ಪಾ,

ಮೇಲೆ ಆ ಲೋಕದಲ್ಲಿ ನಿನಗೆ ದನದ ಪೇಟೆ ಇದೆಯೋ ಇಲ್ಲವೋ ನಾ ಕಾಣೆ. ಇರದಿದ್ದರೆ ಇಷ್ಟೊತ್ತಿಗೆ ನೀನೇ ಒಂದು ಕೂಡಿಸಿರುತ್ತೀ, ಯಾರದೋ ಎತ್ತಿನ ಬಾಯಿ ತೆರೆಸಿ ಹಲ್ಲು ನೋಡುತ್ತ ನಿಂತಿರುತ್ತೀ. ಅದನ್ನು ಸ್ವಲ್ಪ ಬದಿಗಿಟ್ಟು ಇದನ್ನು ಓದು. ನಿನ್ನ ಮಗಳು ಕಾರು ಕೊಂಡಿದ್ದಾಳೆ. ಸಾದಾ ಕಾರಲ್ಲ, ಜಮಖಂಡಿಯ ಪೇಟೆಯಲ್ಲಿ ನಿಲ್ಲಿಸಿದರೆ ನಾಲ್ಕು ಮಂದಿ ತಿರುಗಿ ನೋಡುವಂಥದ್ದು. ಕೊಂಡ ಬಗೆಯನ್ನು ನಿನಗೆ ಹೇಳದೆ ಇರಲಾಗದು, ಏಕೆಂದರೆ ಆ ವ್ಯಾಪಾರದಲ್ಲಿ ಅರ್ಧ ಪಾಲು ನಿನ್ನದೇ.

ನಾನಿನ್ನೂ ಕನ್ನಡ ಸಾಲಿಯಲ್ಲಿದ್ದಾಗ ಒಮ್ಮೆ ಹಟ ಮಾಡಿ ನಿನ್ನ ಬೆನ್ನು ಹತ್ತಿ ಮುಧೋಳದ ದನದ ಪೇಟೆಗೆ ಬಂದಿದ್ದೆ. ಅಲ್ಲೊಂದು ಬಿಳಿ ಎತ್ತು ಇತ್ತು. ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಮೈಮೇಲೆ ಕೈಯಿಟ್ಟರೆ ಜಾರಬೇಕು ಅಂಥ ಹೊಳಪು. ಅದನ್ನೇ ಕೊಳ್ಳು ಎಂದು ನಿನ್ನ ಧೋತರ ಹಿಡಿದು ಜಗ್ಗಿದೆ. ನೀನು ಅದರ ಸುತ್ತ ಒಂದು ಸುತ್ತು ಹಾಕಿದೆ. ಮಾರುವವನನ್ನು ಒಂದು ಮಾತೂ ಕೇಳಲಿಲ್ಲ. ಅವನ ಊರಿನವರು ಯಾರಾದರೂ ಪೇಟೆಗೆ ಬಂದಿದ್ದಾರೇನು ಎಂದು ಹುಡುಕುತ್ತ ಹೋದೆ, ಬೇವಿನ ಗಿಡದ ಬುಡದಲ್ಲಿ ಕೂತ ಒಬ್ಬ ಮುದುಕನ ಜೊತೆ ಎಲೆಯಡಿಕೆ ಹಾಕಿಕೊಂಡು ಬಂದೆ. "ನೋಡಾಕ ಎತ್ತವಾ ಅದು, ಹೂಡಾಕ ಅಲ್ಲ" ಎಂದೆ. ಕೊನೆಗೆ ನೀನು ಹೊಡೆದುಕೊಂಡು ಬಂದದ್ದು ಮಾಸಲು ಬಣ್ಣದ ಎತ್ತು. ನಾನು ನಮ್ಮೂರು ತುಬಚಿಯವರೆಗೂ ಅಳುತ್ತಲೇ ಬಂದೆ.

ನಾನು ಅರಿವಳಿಕೆ ಡಾಕ್ಟರಾದಾಗ ನೀನು ಊರೆಲ್ಲ ಡಂಗುರ ಸಾರಿದ್ದು ನೆನಪಿದೆಯೇ? "ನನ್ನ ಮಗಳು ಮಂದಿನ್ನ ಮಲಗಸೋ ಡಾಕ್ಟರ್ ಆಗ್ಯಾಳ." ಅದಕ್ಕೆ ಕಟ್ಟೆಯ ಮೇಲಿನ ಯಾರೋ, "ಎಬ್ಬಸಾಕ ಬ್ಯಾರೆ ಡಾಕ್ಟರ್ ಅದಾರೇನೋ ಮಾರಾಯ?" ಎಂದು ಕೇಳಿದರಂತೆ. ನನ್ನ ಕೆಲಸ ಈಗಲೂ ಹಾಗೇ ಇದೆ ಅಪ್ಪಾ. ಮನೆ ಜಮಖಂಡಿಯಲ್ಲಿ, ದುಡಿಮೆ ರಸ್ತೆಯ ಮೇಲೆ. ಬನಹಟ್ಟಿ, ಮುಧೋಳ, ಬೀಳಗಿ. ಈ ಸಣ್ಣ ಆಸ್ಪತ್ರೆಗಳಲ್ಲಿ ಅರಿವಳಿಕೆಯವರನ್ನು ಕಾಯಂ ಇಟ್ಟುಕೊಳ್ಳುವುದಿಲ್ಲ. ಹೆರಿಗೆ ಕಷ್ಟವಾಯಿತು, ಸಿಜೇರಿಯನ್ ಮಾಡಲೇಬೇಕು ಎಂದರೆ ನನಗೆ ಫೋನ್. ಬೆನ್ನಿಗೆ ನಾನು ಸೂಜಿ ಹಾಕುವವರೆಗೆ ಅಲ್ಲಿನ ಡಾಕ್ಟರು ಕೈ ತೊಳೆದು ಸುಮ್ಮನೆ ನಿಂತಿರಬೇಕು. ಮೊದಲೆಲ್ಲ ಫೋನ್ ಬಂದ ಕೂಡಲೇ, "ಹೊಂಟೇನ್ರಿ, ಪೇಷಂಟ್‌ನ ಒಳಗ ತಗೋರಿ" ಎಂದು ಹೇಳಿ ಚಪ್ಪಲಿ ಮೆಟ್ಟುತ್ತಿದ್ದೆ. ನಾನು ಮುಟ್ಟುವ ಹೊತ್ತಿಗೆ ಬಸುರಿ ಆಪರೇಶನ್ ಮೇಜಿನ ಮೇಲೆ ಸಿದ್ಧಳಾಗಿರುತ್ತಿದ್ದಳು.

ಹೋದ ವರ್ಷ ಕಬ್ಬು ಕಡಿಯುವ ಹಂಗಾಮಿನಲ್ಲಿ ನನ್ನ ಹಳೆಯ ಗಾಡಿ ಬೀಳಗಿ ರಸ್ತೆಯ ನಡುವೆ ನಿಂತುಬಿಟ್ಟಿತು. ಮಟಮಟ ಮಧ್ಯಾಹ್ನ. ಹಿಂದಿನಿಂದ ಬಂದದ್ದು ಕಬ್ಬು ಹೇರಿದ ಟ್ರ್ಯಾಕ್ಟರ್ ಒಂದೇ. "ಹತ್ರಿ ಅಕ್ಕಾರ, ಗಟ್ಟಿ ಹಿಡಕೋರಿ" ಎಂದ ಅದರ ಡ್ರೈವರ್. ಮಡ್‌ಗಾರ್ಡಿನ ಮೇಲೆ ಕೂತು, ಒಂದು ಕೈಯಲ್ಲಿ ಔಷಧದ ಚೀಲ, ಇನ್ನೊಂದು ಕೈಯಲ್ಲಿ ಕಬ್ಬಿಣದ ಸರಳು ಹಿಡಿದು, ಆಮೆಯ ನಡಿಗೆಯಲ್ಲಿ ಬೀಳಗಿ ಮುಟ್ಟಿದೆ. ತಾಯಿ, ಮಗು ಇಬ್ಬರೂ ಉಳಿದರು, ಹೆದರಬೇಡ. ಆದರೆ ಆ ಹುಡುಗಿ ಅಷ್ಟು ಹೊತ್ತೂ ಆ ತಣ್ಣನೆಯ ಮೇಜಿನ ಮೇಲೆ ದೀಪ ನೋಡುತ್ತ ಮಲಗಿದ್ದಳು. ನನ್ನನ್ನು ಕಂಡವಳೇ, "ಬರೂದಿಲ್ಲ ಅಂತ ಮಾಡಿದ್ದೆ ನೋಡ್ರಿ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಕ್ಕಳು ಅಪ್ಪಾ.

ಅಂದಿನಿಂದ "ಒಳಗ ತಗೋರಿ" ಎಂಬ ಮಾತು ನನ್ನ ಬಾಯಿಂದ ಹೊರಡುವುದು ನಿಂತಿತು. ನಾನು ಬಾಗಿಲಿಗೆ ಬಂದ ಮೇಲೆ ನೋಡೋಣ ಎನ್ನುತ್ತಿದ್ದೆ. ಬೀಳಗಿಯವರಿಗಂತೂ, ಬಾಗಲಕೋಟೆಯಿಂದ ಬೇರೆಯವರನ್ನು ಕರೆಸಿಕೊಳ್ಳಿ ಎಂದುಬಿಟ್ಟೆ. ನಿನ್ನ ಅಳಿಯ ಒಂದು ದಿನ ಊಟಕ್ಕೆ ಕೂತಾಗ ತೀರ್ಮಾನ ಕೊಟ್ಟರು: "ಇಲ್ಲಾ, ಕೈ ಕೊಡದಂಥಾ ಗಾಡಿ ತಗೊಳೂಣು. ಇಲ್ಲಾ, ಹೊರಗಿನ ಊರು ಬಿಟ್ಟಬಿಡು. ಜಮಖಂಡ್ಯಾಗ ಏನ್ ಕೆಲಸ ಕಡಿಮಿ ಐತಿ?" ಹೆಂಡತಿ ರಸ್ತೆಯಲ್ಲಿ ಒಂಟಿಯಾಗಿ ನಿಂತಿದ್ದಳು ಎಂಬ ಹೆದರಿಕೆ ಅದು, ಗೊತ್ತು. ಆದರೆ ಹೊರಗಿನ ಊರು ಬಿಟ್ಟರೆ ನಾನು ಏನಾಗಿ ಉಳಿಯುತ್ತೇನೆ? ನಡುರಸ್ತೆಯಲ್ಲಿ ಕೂತುಬಿಡುವ ಎತ್ತಿಗೂ ನನಗೂ ಏನು ವ್ಯತ್ಯಾಸ?

ಸಾದಾ ಗಾಡಿಯೇ ಸಾಕಿತ್ತಲ್ಲ ಎನ್ನುತ್ತೀ. ಸಾಕಿತ್ತು. ಆದರೆ ಈ ರಸ್ತೆಗಳಲ್ಲಿ ಕುಲುಕಿ ಕುಲುಕಿ ನನ್ನ ಸೊಂಟ ಹಳೇ ಬಂಡಿಯ ಅಚ್ಚಿನ ಹಾಗೆ ಕಿರುಗುಟ್ಟುತ್ತಿದೆ. ಅದೂ ಅಲ್ಲದೆ ಆಸೆಯೂ ಇತ್ತು, ನಿನ್ನ ಮುಂದೆ ಸುಳ್ಳೇಕೆ? ಇಷ್ಟು ವರ್ಷ ದುಡಿದವಳು ಒಮ್ಮೆ ಮೆತ್ತಗೆ ಕೂತು ಹೋಗಬಾರದೇ? ಹಾಗಾಗಿ ಎರಡು ಗಾಡಿಗಳು ಮಾತಿಗೆ ಬಂದವು. ಒಂದು ಜರ್ಮನಿಯದು, ಒಂದು ಜಪಾನಿನದು. ನಿನ್ನ ಅಳಿಯ ಹಾರ್ಡ್‌ವೇರ್ ಅಂಗಡಿಯ ಗಲ್ಲೆಯಲ್ಲಿ ಕೂತು ದಿನವೆಲ್ಲ ಯೂಟ್ಯೂಬ್ ನೋಡಿದರು. ಜರ್ಮನಿಯದಕ್ಕೆ ಸೀಟು ಬೆನ್ನು ತಿಕ್ಕುತ್ತದಂತೆ, ದೀಪ ಬಣ್ಣ ಬದಲಿಸುತ್ತದಂತೆ, ಛಾವಣಿ ತೆರೆಯುತ್ತದಂತೆ. ಎತ್ತಿನ ಮೈಯ ಸುಳಿ ಎಣಿಸುತ್ತ ಕೂರುವವರನ್ನು ಕಂಡರೆ, "ಸುಳಿ ಬಂಡಿ ಜಗ್ಗತೈತೇನ್ಲೇ?" ಎಂದು ನೀನು ಕೇಳುತ್ತಿದ್ದೆಯಲ್ಲ, ನನಗೆ ಅದೇ ನೆನಪಾಗಿ ನಗು ಬಂತು. ಬಾಯಿ ಮುಚ್ಚಿಕೊಂಡು ಸೆರಗಿನಲ್ಲೇ ನಕ್ಕೆ.

ಈಗಿನ ಕಾಲದಲ್ಲಿ ಇಂಥ ಗಾಡಿಗಳನ್ನು ಮನೆಯ ಬಾಗಿಲಿಗೇ ತಂದು ತೋರಿಸುತ್ತಾರೆ. ಮೊದಲು ಬಂದದ್ದು ಜರ್ಮನಿಯದು, ಕರಿಯದು. ಅದರ ಜೊತೆ ಟೈ ಕಟ್ಟಿದ ಒಬ್ಬ ಸೇಲ್ಸ್‌ನವನು. ಕಾರು ನೋಡಲೆಂದೇ ನಿನ್ನ ತಮ್ಮ, ನಮ್ಮ ಶಿವಪ್ಪ ಕಾಕಾ, ತುಬಚಿಯಿಂದ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ಬಾನೆಟ್ಟಿನ ಮೇಲೆ ಕೈಯಾಡಿಸಿ, "ಏನ್ ಭುಜ ಐತವಾ ಇದರದು!" ಎಂದ. ಆಮೇಲೆ ನಾವು ಒಳಗೆ ಚಹಾ ಮಾಡುವ ಗಡಿಬಿಡಿಯಲ್ಲಿದ್ದಾಗ ಏನು ಮಾಡಿದ ಗೊತ್ತೇ? ಆ ಸೇಲ್ಸ್‌ನವನ ಕೈ ಹಿಡಿದ, ಮೇಲೆ ತನ್ನ ಟವೆಲ್ಲು ಹೊದಿಸಿದ, ಒಳಗಿಂದೊಳಗೇ ಬೆರಳು ಒತ್ತಿದ! ಪೇಟೆಯಲ್ಲಿ ನೀವು ರೇಟು ಕುದುರಿಸುತ್ತಿದ್ದ ಹಾಗೇ, ಸುತ್ತ ನಿಂತವರಿಗೆ ತಿಳಿಯಬಾರದೆಂದು. ಪಾಪ, ಅವನು ನಕ್ಕು ತಲೆಯಾಡಿಸಿದನಂತೆ. ನಾನು ಚಹಾ ಹಿಡಿದು ಹೊರಗೆ ಬರುವಷ್ಟರಲ್ಲಿ ಕಾಕಾ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. "ಒಪ್ಪಿದ. ವ್ಯಾಪಾರ ಆತು ಯವ್ವಾ, ಸಕ್ರಿ ಹಂಚು" ಎಂದ.

ನಾನು ಗಾಬರಿಯಾದೆ. ನನಗಿನ್ನೂ ಯಾವುದೆಂದು ತಿಳಿದಿಲ್ಲ, ಇಲ್ಲಿ ಸಕ್ಕರೆ! ಆ ಸೇಲ್ಸ್‌ನವನು ಹೋದ ಮೇಲೆ ಕಾಕಾನಿಗೆ, ಇನ್ನೊಂದು ಗಾಡಿಯನ್ನೂ ನೋಡಬೇಕು ಎಂದೆ. ಅವನ ಮುಖ ಸಣ್ಣದಾಯಿತು. "ಟವೆಲ್ಲಿನ್ಯಾಗ ಕೊಟ್ಟ ಮಾತವಾ ಅದು. ನಿಮ್ಮಪ್ಪ ತನ್ನ ಜನ್ಮದಾಗ ಒಮ್ಮಿಯರೆ ತಿರಗ್ಯಾನೇನು? ನಾಳೆ ನಾಕ ಮಂದಿ ಏನಂದಾರು?" ಯಾವ ನಾಲ್ಕು ಮಂದಿ ಅಪ್ಪಾ? ಆ ಟೈ ಕಟ್ಟಿದವನನ್ನು ಬಿಟ್ಟರೆ ಅಲ್ಲಿ ಯಾರಿದ್ದರು? ಆದರೂ ನಿನ್ನ ಹೆಸರು ತೆಗೆದನಲ್ಲ. ತಿರುಗಿದರೆ ನಿನ್ನ ಮಾತು ಹೋಗುತ್ತದೆ, ಸುಮ್ಮನಿದ್ದು ಈ ಗಾಡಿಯೂ ಕೈ ಕೊಟ್ಟರೆ ಬೀಳಗಿ ಮೇಜಿನ ಮೇಲಿನ ಆ ಹುಡುಗಿ...

ಆಗ ಬೇವಿನ ಗಿಡದ ಬುಡದ ಆ ಮುದುಕ ನೆನಪಾದ. ಮಾರುವವನನ್ನಲ್ಲ, ಕಂಡವರನ್ನು ಕೇಳಬೇಕು. ಮರುದಿನ ಬನಹಟ್ಟಿಯಲ್ಲಿ ಕೆಲಸ ಮುಗಿಸಿ, ಜರ್ಮನಿ ಗಾಡಿ ಇಟ್ಟಿದ್ದ ಒಬ್ಬ ಸೀರೆ ವ್ಯಾಪಾರಿಯ ಮನೆಗೆ ಹೋದೆ. ಒಳಗೆ ಮಗ್ಗಗಳು ಖಟಖಟ ಅನ್ನುತ್ತಿದ್ದವು, ಹೊರಗೆ ಕಾರು ಹೊದಿಕೆ ಹೊದ್ದು ಮಲಗಿತ್ತು. "ಗಾಡಿ ಭಾಳ ಛಲೋ ಐತ್ರಿ ಮೇಡಮ್ಮರ. ಹತ್ತಿ ಕುಂತ್ರ ಇಳಿಯೂದ ಬ್ಯಾಡ ಅನಸ್ತೈತಿ. ಆದ್ರ..." ಎಂದು ಅವರು ನಿಲ್ಲಿಸಿದರು. ಆಮೇಲೆ ಮಾತು ಹರಿಯಿತು. ಎಂಜಿನ್ನಿನ ಎಚ್ಚರಿಕೆ ದೀಪ ಕೆಂಪಗಾದದ್ದು, ಲಾರಿಯ ಮೇಲೆ ಹೇರಿ ಹುಬ್ಬಳ್ಳಿಗೆ ಕಳಿಸಿದ್ದು, ಸಾಮಾನು ಬರುವುದು ತಡವಾದದ್ದು, ಮತ್ತೆ ಬಂದು ಮತ್ತೆ ದೀಪ ಕೆಂಪಗಾದದ್ದು. ಅವರ ಹೆಂಡತಿ ಚಹಾ ಕೊಡುತ್ತ, "ಮನ್ಯಾಗ ಹೊಸಾ ಅಳಿಯ ಬಂದಂಗ್ರಿ ಅದು. ಉಪಚಾರ ಮಾಡಬೇಕು, ಕೆಲಸ ಹೇಳಬಾರದು" ಎಂದರು. ಎಲ್ಲ ಜರ್ಮನಿ ಗಾಡಿಗಳೂ ಹೀಗೇ ಅಂತ ನಾನು ಹೇಳುವುದಿಲ್ಲ. ದೊಡ್ಡ ಊರಿನ ನುಣ್ಣನೆ ರಸ್ತೆಯಲ್ಲಿ, ಪಕ್ಕದಲ್ಲೇ ರಿಪೇರಿಯವರಿದ್ದರೆ ಅದು ರಾಜನೇ ಇರಬೇಕು.

ಜಪಾನಿನದನ್ನು ಇಟ್ಟವರು ರನ್ನ ಬೆಳಗಲಿಯ ಒಬ್ಬ ಕಬ್ಬಿನ ಹೊಲದವರು. ಮುಧೋಳದಿಂದ ಬರುವಾಗ ಅವರ ತೋಟಕ್ಕೆ ಹೋದೆ. ಕಾರು ಧೂಳು ಮೆತ್ತಿಕೊಂಡು ಬೇಲಿಯ ಪಕ್ಕ ನಿಂತಿತ್ತು, ಹಿಂದಿನ ಸೀಟಿನ ಮೇಲೆ ಗೊಬ್ಬರದ ಖಾಲಿ ಚೀಲ. ಹೇಗಿದೆ ಎಂದು ಕೇಳಿದೆ. ಅವರು ತಲೆ ಕೆರೆದುಕೊಂಡರು. "ಹೆಂಗ ಅಂದ್ರ... ಹೋಗ್ತೈತ್ರಿ, ಬರ್ತೈತ್ರಿ." ಏನಾದರೂ ತೊಂದರೆ? "ಇಲ್ರಿ." ಎಲ್ಲಾದರೂ ನಿಂತದ್ದು? ಬಹಳ ಹೊತ್ತು ಯೋಚಿಸಿ ಹೆಂಡತಿಯನ್ನು ಕೂಗಿ ಕೇಳಿದರು, ಆಕೆಗೂ ಏನೂ ನೆನಪಾಗಲಿಲ್ಲ. "ಏನ್ ಹೇಳ್ಲಿರಿ ಅಕ್ಕಾರ, ಹೇಳಾಕ ಏನೂ ಇಲ್ಲ" ಎಂದು ಪಾಪ ನಾಚಿಕೊಂಡರು. ಅಪ್ಪಾ, ಆ ಮಾಸಲು ಎತ್ತು ನಮ್ಮ ಕೊಟ್ಟಿಗೆಯಲ್ಲಿ ಎಷ್ಟು ವರ್ಷ ಇತ್ತು! ಅದರ ಬಗ್ಗೆ ಒಂದಾದರೂ ಕಥೆ ನೆನಪಿದೆಯೇ ನಿನಗೆ? ನನಗಿಲ್ಲ. ಬೆಳಿಗ್ಗೆ ಹೋಗುತ್ತಿತ್ತು, ಸಂಜೆ ಬರುತ್ತಿತ್ತು. ತೋಟದವರಿಗೆ ಕೈ ಮುಗಿದು ಹೊರಟೆ.

ಉಳಿದದ್ದು ಕಾಕಾನ ಟವೆಲ್ಲು. ಕಾಕಾನನ್ನು ಎದುರು ಕೂರಿಸಿಕೊಂಡೇ ಆ ಸೇಲ್ಸ್‌ನವನಿಗೆ ಫೋನ್ ಹಚ್ಚಿದೆ. ನಮ್ಮ ಕಾಕಾ ಮೊನ್ನೆ ಟವೆಲ್ಲಿನೊಳಗೆ ರೇಟು ಹೇಳಿದ್ದರು, ನೀವು ಒಪ್ಪಿದಿರಿ, ಈಗ ಅದನ್ನು ಹೇಗೆ ಬಿಡಿಸಿಕೊಳ್ಳುವುದು ಎಂದು ಕೇಳಿದೆ. "ರೇಟಾ ಮೇಡಂ? ಹಿರಿಯರು, ಏನೋ ಆಶೀರ್ವಾದ ಮಾಡ್ತಿದ್ದಾರೆ ಅಂದ್ಕೊಂಡೆ. ಬೇಡ ಅಂದ್ರೆ ಬೇಜಾರಾಗುತ್ತೆ ಅಂತ ಸುಮ್ಮನೆ ತಲೆ ಆಡಿಸಿದೆ" ಎಂದ. ಮೈಸೂರು ಕಡೆಯವನಂತೆ. ನಿನ್ನ ಅಳಿಯ ನೆಲಕ್ಕೆ ಕೂತು ನಕ್ಕರು. ಕಾಕಾ ಮಾತ್ರ ನಗಲಿಲ್ಲ. "ಬೆರಳ ತಿಳಿಯದಾಂವನ ಕೂಡ ಏನ್ ವ್ಯಾಪಾರ! ಅದು ಮಾತ ಅಲ್ಲ, ಬಿಡು" ಎಂದು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ. ಬಂದಾಗ ಅವನ ಮೀಸೆಯಡಿ ನಗು ಇತ್ತು. ನಿನ್ನ ಹೆಸರು ಉಳಿಯಿತು ಅಪ್ಪಾ, ಅವನ ಲೆಕ್ಕದಲ್ಲೂ ನನ್ನ ಲೆಕ್ಕದಲ್ಲೂ.

ಜಪಾನಿನದು ಮನೆಗೆ ಬಂದ ದಿನ ಕಾಕಾನೇ ವಿಭೂತಿ ಹಚ್ಚಿದ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟ. ಅದು ಪೆಟ್ರೋಲಿನ ಜೊತೆ ಬ್ಯಾಟರಿಯಲ್ಲೂ ಓಡುತ್ತದೆ, ಹೊರಡುವಾಗ ಸದ್ದೇ ಬರುವುದಿಲ್ಲ. ಕಾಕಾ ಬಾನೆಟ್ಟಿಗೆ ಕಿವಿ ಕೊಟ್ಟು, "ಉಸರ ಆಡಾಕತ್ತೈತೋ ಇಲ್ಲೋ ನೋಡವಾ!" ಎಂದ. ಆಮೇಲೆ ಮಳೆಗಾಲ ಹೋಯಿತು, ಕಬ್ಬಿನ ಹಂಗಾಮು ಮತ್ತೆ ಬಂತು. ಬನಹಟ್ಟಿಗೆ ಹೋಗಿದ್ದೇನೆ, ಚಿಮ್ಮಡದ ಕೆಸರಿನಲ್ಲಿ ಹಾಯ್ದಿದ್ದೇನೆ, ಟ್ರ್ಯಾಕ್ಟರುಗಳ ಸಾಲಿನ ಹಿಂದೆ ತೆವಳುತ್ತ ಮುಧೋಳ ಮುಟ್ಟಿದ್ದೇನೆ. ಸೊಂಟ ಸುಮ್ಮನಾಗಿದೆ. ನಿನ್ನ ಅಳಿಯನಿಗೆ ಬಣ್ಣ ಬದಲಿಸುವ ದೀಪ ತಪ್ಪಿಹೋದ ಸಣ್ಣ ದುಃಖ ಇನ್ನೂ ಇದೆ, ಇರಲಿ. ಹೋದ ವಾರ ಊಟಕ್ಕೆ ಕೂತಾಗ ಅವರೇ ರೊಟ್ಟಿ ಮುರಿಯುತ್ತ, ತಲೆ ಎತ್ತದೆ, "ಬೀಳಗಿಯವರಿಗೆ ಫೋನ್ ಮಾಡಿದ್ಯೇನು?" ಎಂದು ಕೇಳಿದರು. ಮಾಡಿದೆ. ಇನ್ನು ಕರೆಯಿರಿ ಎಂದೆ.

ಇನ್ನೂ ಏನೇನೋ ಬರೆಯುವುದಿತ್ತು. ನಿನ್ನ ಮೊಮ್ಮಗಳ ವಿಷಯ, ಹೊಳೆಯ ನೀರು ನಮ್ಮ ಮೇಲಿನ ಹೊಲದವರೆಗೂ ಬಂದ ವಿಷಯ... ತಡೆ, ಫೋನ್ ಬಂತು.

ಬೀಳಗಿ. ಚೊಚ್ಚಲ ಹೆರಿಗೆ, ಮಗು ಅಡ್ಡ ಇದೆಯಂತೆ. ಸಿಸ್ಟರ್ ಹೆದರುತ್ತಲೇ ಕೇಳಿದಳು, "ಮೇಡಂ, ನೀವು ಬಂದ ಮ್ಯಾಲೆ ಒಳಗ ತಗೊಳ್ಳೂಣ್ರ್ಯಾ?"

ಬ್ಯಾಡ್ರಿ ಎಂದೆ ಅಪ್ಪಾ. ಹೊಂಟೇನಿ, ಈಗ ತಗೋರಿ ಒಳಗ.