ಪಡುಗೋಡೆ ಒಣಗುವುದಿಲ್ಲ

ಕಡವಿನಕೋಟೆ, ಹೊಳೆಬದಿ
ಫೆಬ್ರವರಿ 30, 2312

ಇಪ್ಪತ್ತೊಂದನೇ ಶತಮಾನದ ಆತ್ಮೀಯರೇ,

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಫೆಬ್ರವರಿಗೆ ಮೂವತ್ತು ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಸಾರಿ. ಶಾಲೆಯಲ್ಲಿ ಕಲಿತದ್ದೆಲ್ಲ ಇಂಗ್ಲಿಷಿನಲ್ಲಿ, ಅದರ ಮೇಲೆ ಮದುವೆಯಾಗಿ ಇನ್ನೂ ವಾರ ತುಂಬಿಲ್ಲ! ಸಂತೋಷವೂ ಉಕ್ಕುತ್ತಿದೆ, ಸಿಟ್ಟೂ.

ನಮ್ಮೂರಿನ ಮಣ್ಣಿನ ಕೋಟೆಯನ್ನು ಮಳೆಯಿಂದ ಉಳಿಸಲು ನೀವು ಸಿಂಪಡಿಸಿದ ರಾಸಾಯನಿಕವನ್ನು ನಾವು ಗಟ್ಟಿರಸ ಎನ್ನುತ್ತೇವೆ. ನಿಮ್ಮ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ನೀವು ಪರೀಕ್ಷಿಸಿದ್ದು ಮೇಜಿನ ಮೇಲಿಟ್ಟ ಮಣ್ಣಿನ ಇಟ್ಟಿಗೆಯನ್ನು. ಅದು ಎಲ್ಲ ಕಡೆಯಿಂದಲೂ ಒಣಗುತ್ತದೆ. ಕೋಟೆಯ ಬುಡವೋ ಹೊಳೆಯ ತೇವದಲ್ಲಿ ನಿಂತಿದೆ, ಬೇಸಿಗೆಯಲ್ಲೂ ನೀರು ಮೇಲಕ್ಕೇರುತ್ತದೆ. ಹೊರಮೈ ಕಲ್ಲಿನಂತಾಯಿತು, ಒಳಗಿನ ತೇವಕ್ಕೆ ದಾರಿ ಮುಚ್ಚಿತು. ಕೊನೆಗೆ ಆ ಗಟ್ಟಿ ಸಿಪ್ಪೆ ಹಿಂದಿನ ಮಣ್ಣನ್ನೂ ಕಿತ್ತುಕೊಂಡು ಚಕ್ಕೆಚಕ್ಕೆಯಾಗಿ ಬಿತ್ತು. ಮೂರು ಬದಿ ಹಾಗೆಯೇ ಹೋದವು. ರಸ ಸಾಲದೆ ನೀವು ಬಿಟ್ಟುಹೋದ ಪಡುಗೋಡೆ, ಅಂದರೆ ಪಶ್ಚಿಮದ್ದು, ಮಾತ್ರ ನಿಂತಿದೆ.

ನಿಂತಿರುವುದು ಮದುಮೆತ್ತಿನಿಂದ. ಇಲ್ಲಿ ಮದುವೆಯಾದವರು ಒಟ್ಟಿಗೆ ಕೆಸರು ತುಳಿದು, ಹುಲ್ಲು ಕಲಸಿ, ಆ ಗೋಡೆಗೆ ಮೆತ್ತಬೇಕು. ಮಳೆ ಆ ಮೆತ್ತಿದ ಮಣ್ಣನ್ನು ತೊಳೆಯುತ್ತದೆ, ಹಳೆಯ ಗೋಡೆಯನ್ನಲ್ಲ. ನಿನ್ನೆ ನನ್ನದೂ ನೇಮಿರಾಜನದೂ ಸರದಿ. ಅಯ್ಯೋ, ಎಷ್ಟು ಚಂದ! ಅವನ ಬೆರಳಚ್ಚಿನ ಪಕ್ಕದಲ್ಲೇ ನನ್ನದು. "ಎಂತ ಮಾರಾಯ್ತಿ, ಗೋಡೆ ಸಾಕಾಗ್ಲಿಲ್ವಾ? ನನ್ನ ಮಗನ ಕೆನ್ನೆಗೂ ಮೆತ್ತಿದ್ದೀಯಲ್ಲ!" ಎಂದು ಸುಮತಿ ಅತ್ತೆ ನಕ್ಕರು.

ಆಗಲೇ ಕಾಪುಮಂಡಳಿಯವರು, ಅಂದರೆ ಹಳೆಯ ಕಟ್ಟಡಗಳ ಅಧಿಕಾರಿಗಳು, ಬಂದರು. ಪಡುಗೋಡೆಗೂ ಗಟ್ಟಿರಸವಂತೆ, ಹೊಸ ನಮೂನೆಯದಂತೆ, ಇನ್ನು ಯಾರೂ ಗೋಡೆ ಮುಟ್ಟಬಾರದಂತೆ. ಇಟ್ಟಿಗೆಯ ಮೇಲೆ ಪರೀಕ್ಷೆಯಾಗಿದೆಯಂತೆ! ಗೋಡೆ ಪೂರ್ತಿ ಒಣಗಿರಬೇಕು, ಒದ್ದೆಯ ಮೇಲೆ ರಸ ಇಂಗುವುದಿಲ್ಲ ಎಂದೂ ಅವರೇ ಹೇಳಿದರು.

"ಹಾಗಾದ್ರೆ ಅದು ಒಣಗುದೇ ಬೇಡ" ಎಂದರು ಅತ್ತೆ.

ಇವತ್ತು ಬೆಳಗಿನಿಂದ ಊರಿನ ಹೊಸ ಜೋಡಿಗಳೂ, ಮೊಮ್ಮಕ್ಕಳಿರುವ ಹಳೆಯ ಜೋಡಿಗಳೂ ಕೆಸರು ತುಳಿಯುತ್ತಿದ್ದೇವೆ. ಒಂದು ಕಡೆ ಒಣಗುವಷ್ಟರಲ್ಲಿ ಇನ್ನೊಂದು ಕಡೆ ಮೆತ್ತುತ್ತೇವೆ. ಸಿಂಪಡಿಸುವವರು ಕೊಡೆ ಬಿಡಿಸಿಕೊಂಡು ಕೂತಿದ್ದಾರೆ. ಕೂತಿರಲಿ, ಮಳೆಗಾಲದವರೆಗೂ ಕೂತಿರಲಿ!

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಗಟ್ಟಿರಸವನ್ನು ಮೊದಲು ಗೋಡೆಯ ಒಂದು ಮೂಲೆಗೆ ಮಾತ್ರ ಹಚ್ಚಿ, ಕೆಲವು ಮಳೆಗಾಲ ಕಾದು ನೋಡಿ. ನೀವು ಕಾದರೆ ನಮಗೆ ನಾಲ್ಕು ಬದಿಗಳೂ ಉಳಿಯುತ್ತವೆ, ಹೊಸ ಜೋಡಿಗಳು ಒಂದೇ ಗೋಡೆಯ ಮುಂದೆ ನೂಕಾಡಬೇಕಾಗಿಲ್ಲ.

ನೇಮಿರಾಜ ಕೂಗುತ್ತಿದ್ದಾನೆ. ಗೋಡೆಯ ಬಡಗಣ ತುದಿ ಒಣಗಿ ಬಿಳಿಚುತ್ತಿದೆಯಂತೆ. ಹಾಳೆಗೆ ಕೆಸರು ತಾಗಿದೆ, ಒರೆಸುವಷ್ಟು ಪುರುಸೊತ್ತಿಲ್ಲ. ಹೊರಟೆ.

ಸುಲಲಿತಾ