ಕೌದಿಯ ಹೊಟ್ಟೆ

೯-೬-೨೦೦೩, ಸೋಮವಾರ

ಯರಗಟ್ಟಿ ಬಸ್ಸು ಇವತ್ತೂ ಲೇಟು. ಸಬ್ ಜೈಲು ಮುಟ್ಟಿದಾಗ ಹನ್ನೊಂದು. ಜೈಲರ್ ಮಹಾಂತಪ್ಪ ಸಾಹೇಬರು ಗಡಿಯಾರ ನೋಡಿದರು, ನನ್ನನ್ನು ನೋಡಲಿಲ್ಲ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟುಕೊಂಡು ಸುಖವಾಗಿದ್ದ ನನ್ನಂಥ ನರ್ಸಿಗೆ ಈ ಡೆಪ್ಯುಟೇಶನ್ — ಹೆಂಗಸರ ಬ್ಯಾರಕ್ಕಿನಲ್ಲಿ ಯಾರಿಗೆ ಮನಸ್ಸಿನ ಕಾಯಿಲೆ ಎಂದು ಫಾರ್ಮ್ ತುಂಬುವುದು. ಇಪ್ಪತ್ತು ಪ್ರಶ್ನೆ. ಹೌದು ಅಥವಾ ಇಲ್ಲ. ಎಂಟು ‘ಹೌದು’ ಬಿದ್ದರೆ ಧಾರವಾಡದ ಡಾಕ್ಟರ ಬಳಿ.

ಕೋಣೆ ಒಂದೇ. ಇದ್ದ ನಾಲ್ವರು ಹೆಂಗಸರನ್ನೂ ಸಾಲಾಗಿ ಕೂರಿಸಿ ಕೇಳಿದೆ. ಮುನವಳ್ಳಿಯ ಲಗಮವ್ವ, ಕಳವಿನ ಕೇಸು, ಎಲ್ಲದಕ್ಕೂ ಹೌದು. ಕೇಳದ ಪ್ರಶ್ನೆಗೂ ಹೌದು. ತೊರಗಲ್ಲಿನ ಕಾಡವ್ವ, ಎಲ್ಲದಕ್ಕೂ ಇಲ್ಲ. ಇಪ್ಪತ್ನಾಲ್ಕು ವಯಸ್ಸು. ಕೂಸನ್ನು ಎತ್ತಿಕೊಂಡು ಬಾವಿಗೆ ಬಿದ್ದವಳು. ಇವಳು ಉಳಿದಳು, ಮಗಳು ಉಳಿಯಲಿಲ್ಲ. ಕೊಲೆ ಕೇಸು.

ಜೀವ ಬೇಡ ಅನ್ನಿಸುತ್ತದೆಯೇ? “ಇಲ್ರಿ ಬಾಯಾರ. ಆರಾಮ ಅದೀನ್ರಿ.” ಹಸಿವು? ವಾರ್ಡರ್ ಶಟ್ಟೆವ್ವನೇ ಸಾಕ್ಷಿ — ಕಾಡವ್ವನ ತಾಟು ತೊಳೆದ ಹಾಗೆ ಬರುತ್ತದಂತೆ. ಸೊನ್ನೆ ಬರೆದೆ. ಸಹಿ ಹಾಕಿದೆ.

೨೩-೬, ಸೋಮವಾರ

ಲಗಮವ್ವ ಧಾರವಾಡಕ್ಕೆ ಹೋಗಿ ಬಂದಳು. ಗುಳಿಗೆ ಕೊಟ್ಟಿದ್ದಾರೆ. ಬ್ಯಾರಕ್ ಈಗ ತಣ್ಣಗಿದೆ.

ಕಾಡವ್ವ ಸೂಜಿ ಕೇಳಿದಳು. ಚಿಂದಿ ಜೋಡಿಸಿ ಹೊದೆಯುವ ಕೌದಿ ಹೊಲಿಯುತ್ತಾಳಂತೆ. ನಾನು ಚೀಟಿ ಬರೆದುಕೊಟ್ಟ ಮೇಲೆ ಸಾಹೇಬರು ಒಪ್ಪಿದರು. ಸಂಜೆ ಸೂಜಿ ಎಣಿಸಿ ಶಟ್ಟೆವ್ವನ ಕೈಗೆ. ನನ್ನ ಹಳೆಯ ಎರಡು ಸೀರೆ ಒಯ್ದುಕೊಟ್ಟೆ, ಒಂದು ಇಳಕಲ್ಲು. ಅದೇನು ಹೊಲಿಗೆ… ಇರುವೆ ಸಾಲು ಹಿಡಿದ ಹಾಗೆ. ಫಾರ್ಮಿನ ಕೊನೆಗೆ ‘ಚೇತರಿಸಿಕೊಂಡಿದ್ದಾಳೆ’ ಎಂದು ಸೇರಿಸಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

೨೧-೭, ಸೋಮವಾರ

ಕೌದಿ ಮುಗಿಯುತ್ತಾ ಬಂದಿದೆ. ಚಿಕ್ಕದು, ಎರಡು ಮೊಳ. ಒಂದು ಮೂಲೆ ಮಾತ್ರ ಬಾಯಿ ತೆರೆದಿದೆ. ಕೌದಿ ಹಸಿದಿರಬಾರದು ಎಂದು ಕೊನೆಯ ಮೂಲೆಯಲ್ಲಿ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಿದ್ದಳು ನಮ್ಮವ್ವ. ಇವರ ಕಡೆಯೂ ಹಾಗೇ. ಯಾಕೆ ಮುಚ್ಚಿಲ್ಲ ಎಂದು ಕೇಳಿದೆ.

“ಇನ್ನೂ ಹೊಟ್ಟಿ ತುಂಬಿಲ್ರಿ.”

ನಕ್ಕೆ. ಅವಳೂ ನಕ್ಕಳು ಅಂದುಕೊಂಡೆ.

೪-೮, ಸೋಮವಾರ, ಸಂಜೆ

ಇರುವೆ. ಶಟ್ಟೆವ್ವ ಬೆಳಿಗ್ಗೆ ಕಸ ಹೊಡೆಯುವಾಗ ನೋಡಿದ್ದು. ಗೋಡೆಯಿಂದ ಕೌದಿಯವರೆಗೆ ಸಾಲು. ಮೂಲೆಗೆ ಕೈ ಹಾಕಿದೆ. ರೊಟ್ಟಿ. ಚೂರು ಚೂರು, ಮೇಲಿನವು ಹೊಸವು, ಕೆಳಗಿನವು ಬೂಷ್ಟು ಹಿಡಿದವು. ಒಂದು ಹೊತ್ತಿನದಲ್ಲ, ವಾರಗಟ್ಟಲೆಯದು. ಕಾಡವ್ವ ನನ್ನ ಕೈ ಹಿಡಿದಳು.

“ತಗೀಬ್ಯಾಡ್ರಿ. ಅಕಿ ಹಸದಾಳ.”

ಹಿಡಿದ ಕೈ ನೋಡಿದೆ. ಎಲುಬು. ಸೆರಗು ಹೊದ್ದು ಕೂತವಳ ಒಳಗೆ ಏನೂ ಉಳಿದಿಲ್ಲ. ಎರಡು ತಿಂಗಳು ತಾಟು ನೋಡಿದೆವು, ಅವಳನ್ನು ನೋಡಲಿಲ್ಲ. ನಾನು ನರ್ಸು! ನಾಚಿಕೆಯಾಗುತ್ತಿದೆ. ಕಣ್ಣಿದ್ದೂ ಕುರುಡಿ.

೭-೮, ಗುರುವಾರ

ಇವತ್ತು ಅವಳೊಬ್ಬಳನ್ನೇ ಅಂಗಳದ ಬೇವಿನ ಬುಡಕ್ಕೆ ಕರೆದೆ. ಮೊದಲೇ ಹೀಗೆ ಕೇಳಬೇಕಿತ್ತು. ನಿಧಾನಕ್ಕೆ ಬಾಯಿಬಿಟ್ಟಳು. ಸಾಯುವ ಮಾತು ಯಾರು ಕೇಳಿದರೂ ಇಲ್ಲ ಅನ್ನು, ಕಾಲು ಜಾರಿತು ಅನ್ನು — ವಕೀಲರು ಹೇಳಿಕೊಟ್ಟದ್ದು. ಹೌದು ಅಂದರೆ ಕೇಸು ಕೆಡುತ್ತದಂತೆ. ಅದಕ್ಕೇ ನನ್ನ ಇಪ್ಪತ್ತಕ್ಕೂ ಇಲ್ಲ.

ಹೊಸ ಫಾರ್ಮ್ ತುಂಬಿದೆ. ಹದಿಮೂರು ಹೌದು. ಸಾಹೇಬರು ಕೇಳಿದರು, ಹಾಗಾದರೆ ಮೊದಲನೆಯದು ಸುಳ್ಳೇ, ಸಹಿ ಯಾರದು? ನನ್ನದೇ ಅಂದೆ. ಮೆಮೊ ಬಂದರೆ ಬರಲಿ. ಸೋಮವಾರ ಒಂಬತ್ತಕ್ಕೆ ಧಾರವಾಡಕ್ಕೆ ಹೋಗಲು ಜೀಪು ನಿಗದಿಯಾಯಿತು. ಆದರೆ ಫಾರ್ಮಿಗೆ ಅವಳ ಹೆಬ್ಬೆಟ್ಟು ಬೇಕು. ಒತ್ತಲು ಒಲ್ಲಳು. “ಠಾಣ್ಯಾಗ ಒಮ್ಮೆ ಒತ್ತಿದ್ನಿರಿ. ಇಲ್ಲಿಗೆ ಬಂದೆ.”

ಇದು ಕೋರ್ಟಿಗೆ ಹೋಗುವುದಿಲ್ಲ ಎಂದೆ. ನಿಜವೇ? ನನಗೆ ಗೊತ್ತಿಲ್ಲ.

೧೦-೮, ಭಾನುವಾರ

ಶಟ್ಟೆವ್ವ ಆಸ್ಪತ್ರೆಗೇ ಹೇಳಿಕಳಿಸಿದ್ದಳು. ನಿನ್ನೆಯಿಂದ ಕಾಡವ್ವ ನೀರೂ ಮುಟ್ಟಿಲ್ಲ.

೧೧-೮, ಸೋಮವಾರ, ಬೆಳಿಗ್ಗೆ ೮-೪೦

ಬ್ಯಾರಕ್ಕಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಮೊದಲ ಬಸ್ಸಿಗೇ ಬಂದೆ.

ಮಸಿ ಪ್ಯಾಡು ಅವಳ ಮುಂದಿಟ್ಟೆ. ಅವಳೇ ಕೇಳಿದಳು.

“ಒತ್ತಿದ್ರ ಕೌದಿ ನನ್ನ ಜೋಡಿ ಬರ್ತೈತೇನ್ರಿ?”

ಬರುತ್ತದೆ ಎಂದೆ. ಒತ್ತಿಬಿಟ್ಟಳು.

ನನ್ನ ಡಬ್ಬಿಯ ರೊಟ್ಟಿ ಕೊಟ್ಟೆ. ಮುರಿದು ಮೂಲೆಗೆ ಹಾಕಹೋದಳು. ಅರ್ಧ ಮಗಳಿಗೆ, ಅರ್ಧ ನಿನಗೆ ಎಂದೆ. ಒಂದು ತುತ್ತು ತಿಂದಳು. ನೀರು ಕುಡಿದಳು.

ಆಮೇಲೆ ಶಟ್ಟೆವ್ವ ಕಿವಿಯಲ್ಲಿ ಹೇಳಿದಳು — ಕೈದಿಯ ಸಂಗಡ ಉಟ್ಟ ಬಟ್ಟೆ ಬಿಟ್ಟು ಒಂದು ಚಿಂದಿಯೂ ಹೊರಗೆ ಹೋಗುವಂತಿಲ್ಲ, ಸಾಹೇಬರ ಕಟ್ಟಪ್ಪಣೆ. ಕೇಳಲು ಹೋದೆ. ಇರುವೆ ಹತ್ತಿದ ಗಂಟು ಸರ್ಕಾರಿ ಜೀಪಿನಲ್ಲಿ ಬೇಡ ಅಂದರು. ಮಾತು ಮುಗಿಯಿತು.

ಜೀಪಿನಲ್ಲಿ ನಾನೂ ಹೋಗುವವಳು; ಕೌದಿ ಈಗ ನನ್ನ ಚೀಲದಲ್ಲಿದೆ. ಮೇಲೆ ಡಬ್ಬಿ, ಛತ್ರಿ. ಗೇಟಿನಲ್ಲಿ ನನ್ನ ಚೀಲವನ್ನೂ ತೆಗೆಸುತ್ತಾರೆ, ಬಂದಾಗಲೆಲ್ಲ ತೆಗೆಸುತ್ತಾರೆ. ಜೀಪು ಬಂತು. ಕಾಡವ್ವ ಎದ್ದು ನಿಂತಿದ್ದಾಳೆ, ನನ್ನ ಚೀಲವನ್ನೇ ನೋಡುತ್ತಿದ್ದಾಳೆ. ಸಾಹೇಬರು ಕೂಗುತ್ತಿದ್ದಾರೆ. ಕೇಳಿದರೆ ನನ್ನದೇ ಕೌದಿ ಅನ್ನುತ್ತೇನೆ, ನನ್ನ ಸೀರೆ, ನನ್ನ ಮಗಳಿಗೆಂದು —