ಸೋನಾಬಾಯಿಯ ತೊಂಬತ್ತೆಂಟು

ಗದಗ, ಬೇಗೆ ಮಾಸದ ಒಂಬತ್ತು, ೨೧೧೯

ಮುತ್ತಜ್ಜಿ ಕಾಶವ್ವನವರಿಗೆ ಮರಿಮಗಳು ನೀಲಾಂಬಿಕೆಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ, ನಾನಿನ್ನೂ ಹುಟ್ಟಿರದ ನಿಮ್ಮ ಕಾಲಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಮೇ ತಿಂಗಳಿಗೆ ನಾವೀಗ ಬೇಗೆ ಮಾಸ ಎನ್ನುತ್ತೇವೆ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನೀವೂ ಶಿಕ್ಷಕಿ, ಅದಕ್ಕೇ ನಿಮ್ಮೆದುರು ಹೇಳಿಕೊಳ್ಳುತ್ತಿದ್ದೇನೆ.

ನಮ್ಮ ಶಾಲೆ ಬೆಳಗಿನ ಐದಕ್ಕೆ ಶುರುವಾಗಿ ಹತ್ತಕ್ಕೆ ಮುಗಿಯುತ್ತದೆ. ಆಮೇಲೆ ಅಂಗಳಕ್ಕೆ ಕಾಲಿಡಲಾಗದು. ಹತ್ತನೆಯ ತರಗತಿ ಮುಗಿಸಿದ ಮಕ್ಕಳಿಗೆ ಮುಂದೆ ಯಾವ ವಿಷಯ ಓದಬೇಕೆಂದು ಸಲಹೆ ಕೊಡುವುದು ನನ್ನ ಕೆಲಸವಾಗಿತ್ತು. ನಮ್ಮಲ್ಲಿ ಗಣಿತ ಎರಡು ಬಗೆ, ಹಗುರ ಮತ್ತು ಗಟ್ಟಿ. ಗಟ್ಟಿ ಗಣಿತದ ಎಂಬತ್ತನ್ನು ನೂರೆಂದು ಎಣಿಸುತ್ತಾರೆ. ಇದಕ್ಕೆ ಭಾರಾಂಕ ಎನ್ನುತ್ತಾರೆ. ದೊಡ್ಡ ಕಾಲೇಜುಗಳು ಇನ್ನೊಂದನ್ನೂ ನೋಡುತ್ತವೆ: ಶಾಲೆಯಲ್ಲಿ ಗಟ್ಟಿ ವಿಷಯವಿದ್ದೂ ಈ ಮಗು ಅದನ್ನು ಬಿಟ್ಟಿತೇ ಎಂದು.

ಮೂರು ವರ್ಷದ ಹಿಂದೆ ಗಟ್ಟಿ ಗಣಿತಕ್ಕೆ ಒಂದೇ ಸೀಟು ಉಳಿದಿತ್ತು. ಸರದಿಯಲ್ಲಿ ಮೊದಲು ಸೋನಾಬಾಯಿ ಲಮಾಣಿ, ಅವಳ ಹಿಂದೆ ನನ್ನ ಮಗಳು ಚಿನ್ಮಯಿ. ಸೋನಾಳ ಅಪ್ಪ ಗಾಳಿಯಂತ್ರದ ರೆಕ್ಕೆ ರಿಪೇರಿ ಮಾಡುವವರು. ಭಾರಾಂಕದ ಲೆಕ್ಕ ಅವರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಮೇಡಂ, ನಾ ಗಟ್ಟಿ ಗಣಿತಾನ ತಗೋತೀನ್ರಿ," ಎಂದಳು.

"ಬ್ಯಾಡವ್ವಾ. ಹಗುರದ್ರಾಗ ತೊಂಬತ್ತೆಂಟು ತಗೀತಿ. ಎಂಬತ್ತಕ್ಕ ಇಳದ್ರ ನಿಮ್ಮಪ್ಪಗ ಏನ್ ಹೇಳ್ತಿ?"

"ನೀವು ಹೇಳಿದ ಮ್ಯಾಲ ಮುಗೀತ್ರಿ," ಎಂದು ಸಹಿ ಹಾಕಿ ಹೋದಳು.

ಎಂಬತ್ತು ನೂರಾಗುತ್ತದೆ ಎಂಬುದನ್ನು ನಾನು ಹೇಳಲಿಲ್ಲ. ಆ ಸೀಟು ಚಿನ್ಮಯಿಗೆ ಹೋಯಿತು.

ಎರಡು ವರ್ಷದ ಮೇಲೆ ಸೋನಾಗೆ ತೊಂಬತ್ತೆಂಟೇ ಬಂತು, ಚಿನ್ಮಯಿಗೆ ಎಂಬತ್ತೆರಡು. ಇಬ್ಬರೂ ಅರ್ಜಿ ಹಾಕಿದ್ದ ಕಾಲೇಜು ಚಿನ್ಮಯಿಯನ್ನು ಕರೆಯಿತು. ಸೋನಾ ತನಗೆ ಬಂದ ಕಾಗದ ಹಿಡಿದು ನನ್ನ ಕೋಣೆಗೆ ಬಂದಳು. ಅವಕಾಶವಿದ್ದೂ ಕಷ್ಟದ ವಿಷಯ ಆರಿಸಿಲ್ಲ ಎಂದು ಅದರಲ್ಲಿತ್ತು.

"ಮೇಡಂ, ನಾ ಹೆದರಿದ್ನೇನ್ರಿ?"

ಸೀಟು ಕಡಿಮೆ ಇದ್ದವು ಎಂದಷ್ಟೇ ಹೇಳಿ ಕಳಿಸಿದೆ. ಮುತ್ತಜ್ಜಿ, ಆ ಪ್ರಶ್ನೆ ತಿಂಗಳುಗಟ್ಟಲೆ ನನ್ನ ಅನ್ನದ ತಟ್ಟೆಯಲ್ಲೇ ಕೂತಿತ್ತು. ಕೊನೆಗೆ ರಜೆಗೆ ಬಂದ ಚಿನ್ಮಯಿಗೆ ಎಲ್ಲ ಹೇಳಿಬಿಟ್ಟೆ. ಅವಳು, "ಅಕಿಗೆ ನೀ ಹೇಳ್ತೀಯೋ, ನಾ ಹೇಳ್ಲೋ?" ಎಂದಳು.

ನಾನೇ ಹೋದೆ. ಅವರಪ್ಪ ಚಹಾ ತಂದಿಟ್ಟರು; ನನ್ನ ಮಾತು ಮುಗಿದ ಮೇಲೆ ಎದ್ದು ಹೊರಗೆ ಹೋದರು. ಸೋನಾ ಕೂಗಾಡಲಿಲ್ಲ. "ಇದನ್ನ ಬರದು ಕೊಡ್ರಿ," ಎಂದಳು. ಬರೆದು ಕೊಟ್ಟೆ. ಅದರ ಒಂದು ಪ್ರತಿಯನ್ನು ಶಾಲೆಗೂ ಕೊಟ್ಟೆ, ಕೆಲಸ ಹೋಯಿತು. ಸೋನಾ ತನ್ನ ಪ್ರತಿಯನ್ನು ಕಾಲೇಜಿಗೆ ಕಳಿಸಿದಳು. ಕಳೆದ ವರ್ಷದ ಪ್ರವೇಶ ಮುಗಿದೇ ಹೋಯಿತು, ಗಟ್ಟಿ ಗಣಿತ ಓದಿ ಮತ್ತೆ ಅರ್ಜಿ ಹಾಕಬಹುದು ಎಂದು ಕಾಲೇಜು ಉತ್ತರಿಸಿತು. ಈಗ ಅವಳು ತನಗಿಂತ ಮೂರು ವರ್ಷ ಚಿಕ್ಕವರ ನಡುವೆ ಕೂತು ಓದುತ್ತಿದ್ದಾಳೆ. ಪಾಠ ಹೇಳಿಕೊಡಲೇ ಎಂದು ಕೇಳಿದೆ. ಬೇಡ ಎಂದಳು. ಕ್ಷಮಿಸಿದೆ ಎಂದೂ ಹೇಳಿಲ್ಲ, ನಾನು ಕೇಳಿಯೂ ಇಲ್ಲ.

ನಿಮ್ಮ ಮುಂದೆಯೂ ಮಕ್ಕಳು ಬಂದು ಕೂರುತ್ತಾರೆ, ಯಾವುದು ಓದಲಿ ಎಂದು ಕೇಳುತ್ತಾರೆ. ಗೊತ್ತಿರುವುದನ್ನೆಲ್ಲ ಹೇಳಿಬಿಡಿ, ಸರದಿಯಲ್ಲಿ ಹಿಂದೆ ನಿಂತದ್ದು ನಿಮ್ಮದೇ ಮಗುವಾದರೂ.

ನಿಮ್ಮ ನೀಲಾಂಬಿಕೆ